ಮೊದಲು ತಂತಿ, ಆಮೇಲೆ ಲೈನ್, ಕೊನೆಗೆ ತಂತ್ರಾಂಶ: ಮಂಡಿ, ಮಿಲ್ಲು, ಕಚೇರಿಗಳ ನೆಟ್‌ವರ್ಕ್ ಸುಧಾರಿಸುವ ಕ್ರಮ

ತುಮಕೂರಿನ ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿಯೊಂದರ ಯಜಮಾನರು ಹೋದ ವರ್ಷ ಫೋನ್ ಮಾಡಿ, "ಇನ್ನೂರರ ಪ್ಲಾನ್ ಹಾಕಿಸಿ ತಿಂಗಳಾಯ್ತು ಸಾರ್, ಬಿಲ್ಲು ಜಾಸ್ತಿ ಆಯ್ತೇ ಹೊರತು ಇಂಟರ್‌ನೆಟ್ ಹಂಗೇ ಐತೆ" ಎಂದರು. ಹೋಗಿ ನೋಡಿದೆ. ಫೈಬರ್ ಬಂದು ಸೇರುವ ಪೆಟ್ಟಿಗೆಗೆ ನನ್ನ ಲ್ಯಾಪ್‌ಟಾಪನ್ನು ನೇರವಾಗಿ ಜೋಡಿಸಿದಾಗ ಇನ್ನೂರಕ್ಕೆ ಇನ್ನೂರೂ ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ) ಬರುತ್ತಿತ್ತು. ಗುಮಾಸ್ತರ ಮೇಜಿನ ಕಂಪ್ಯೂಟರಿನಲ್ಲಿ ಮಾತ್ರ ಎಷ್ಟು ಸಲ ಅಳೆದರೂ 94ರಿಂದ ಮೇಲಕ್ಕೆ ಏರಲಿಲ್ಲ. ಗೋಡೆಯ ಪೆಟ್ಟಿಗೆ ಬಿಚ್ಚಿ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ಎಂಟು ಎಳೆಗಳಲ್ಲಿ ನಾಲ್ಕನ್ನು ಮಾತ್ರ ಪ್ಲಗ್ಗಿಗೆ ಸೇರಿಸಿ, ಉಳಿದ ನಾಲ್ಕನ್ನು ಹಿಂದೆ ಯಾರೋ ಗೋದಾಮಿನ ಇಂಟರ್‌ಕಾಮಿಗೆ ಎಳೆದುಕೊಂಡಿದ್ದರು. ಆ ಇಂಟರ್‌ಕಾಮ್ ಕೆಟ್ಟು ಎಷ್ಟೋ ಕಾಲವಾಗಿತ್ತು. ನಾಲ್ಕು ಎಳೆಗಳ ಮೇಲೆ ಸಾಮಾನ್ಯವಾಗಿ 100 ಎಂಬಿಪಿಎಸ್‌ವರೆಗೆ ಮಾತ್ರ ಸಂಪರ್ಕ ಸಿಗುತ್ತದೆ. ಗಿಗಾಬಿಟ್ ವೇಗಕ್ಕೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ಎರಡೂ ತುದಿಯ ಪ್ಲಗ್ಗು ಕತ್ತರಿಸಿ, ಎಂಟೂ ಎಳೆಗಳನ್ನು ಕ್ರಮವಾಗಿ ಸೇರಿಸಿ ಒತ್ತಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಹಣ ಕೊಟ್ಟಷ್ಟೂ ವೇಗ ಬಂತು. ಕೆಲಸ ಹಿಡಿದದ್ದು ಅರ್ಧ ಗಂಟೆ.

ನಗರದ ಮಂಡಿಗಳು, ಅಂತರಸನಹಳ್ಳಿ ಮತ್ತು ಹಿರೇಹಳ್ಳಿ ಕಡೆಯ ಗಿರಣಿಗಳು, ಸಣ್ಣ ಕಾರ್ಖಾನೆಗಳ ಕಂಪ್ಯೂಟರು ಮತ್ತು ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕಸುಬು. ಅಲ್ಲಿ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಹೊಸದನ್ನು ಕೊಂಡದ್ದರಿಂದ ಬಂದವಲ್ಲ, ತಪ್ಪು ಕ್ರಮದಲ್ಲಿ ಕೊಂಡದ್ದರಿಂದ ಬಂದವು. ಆದ್ದರಿಂದ ಈ ಲೇಖನದಲ್ಲಿ ಯಾವ ಕಂಪನಿಯ ಲೈನ್ ಒಳ್ಳೆಯದು, ಯಾವ ತಂತ್ರಾಂಶ ಒಳ್ಳೆಯದು ಎಂಬ ಚರ್ಚೆಗೆ ಹೋಗದೆ, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬುದನ್ನು ಬರೆಯುತ್ತಿದ್ದೇನೆ. ಎರಡು ಬದಲಾವಣೆಗಳ ನಡುವೆ ಕನಿಷ್ಠ ಒಂದು ವಾರವಾದರೂ ಇರಲಿ. ಒಂದೇ ದಿನ ಲೈನ್ ಮತ್ತು ತಂತ್ರಾಂಶ ಎರಡನ್ನೂ ಬದಲಿಸಿದರೆ, ಮರುದಿನ ಬಿಲ್ ಬರದೆ ನಿಂತಾಗ ತಪ್ಪು ಯಾವುದರಲ್ಲಿದೆ ಎಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ.

ಮೊದಲ ಹೆಜ್ಜೆ: ಇರುವುದನ್ನೆಲ್ಲ ಬರೆದುಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಂಡು, ಫೈಬರ್ ಒಳಬರುವ ಜಾಗದಿಂದ ಆರಂಭಿಸಿ, ತಂತಿಯ ಬೆನ್ನು ಹಿಡಿದು ಇಡೀ ಕಟ್ಟಡ ಸುತ್ತಿರಿ. ಪ್ರತಿ ಯಂತ್ರ ಎಲ್ಲಿದೆ, ಯಾರು ಬಳಸುತ್ತಾರೆ, ತಂತಿಯಿಂದ ಜೋಡಿಸಿದೆಯೋ ವೈಫೈಯಿಂದಲೋ, ಯಾವ ವಿಂಡೋಸ್ ಇದೆ ಎಂದು ಬರೆಯಿರಿ. ಕಂಪ್ಯೂಟರುಗಳನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್, ಬೆರಳಚ್ಚಿನ ಹಾಜರಿ ಯಂತ್ರ, ಕಾರ್ಡ್ ಉಜ್ಜುವ ಯಂತ್ರ, ಲಾರಿ ತೂಗುವ ವೇಬ್ರಿಡ್ಜಿನ ಕ್ಯಾಬಿನ್ನಿನಲ್ಲಿರುವ ಹಳೆಯ ಕಂಪ್ಯೂಟರು, ಮತ್ತು ಅಂಗಡಿಯ ಮೇಲೆಯೇ ಮನೆಯಿದ್ದರೆ ಮಹಡಿಗೆ ಹೋಗಿರುವ ಒಂದು ತಂತಿ. ಪ್ರತಿ ಕೇಬಲ್ಲಿನ ಎರಡೂ ತುದಿಗೆ ಒಂದೇ ಅಂಕಿಯ ಚೀಟಿ ಅಂಟಿಸಿ.

ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ, ಬ್ರಾಡ್‌ಬ್ಯಾಂಡ್ ಖಾತೆ ಯಾರ ಹೆಸರಿನಲ್ಲಿದೆ, ಯಾವ ಮೊಬೈಲ್ ಸಂಖ್ಯೆಗೆ ಒಟಿಪಿ ಬರುತ್ತದೆ ಎಂಬುದು ಇರಲಿ. ಇದು ಸಣ್ಣ ವಿಷಯವಲ್ಲ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ (ಸರಕು ಸಾಗಣೆಗೆ ಆನ್‌ಲೈನಿನಲ್ಲಿ ಪಡೆಯುವ ದಾಖಲೆ) ಪೋರ್ಟಲಿಗೆ ಎಲ್ಲರೂ ಪಾಸ್‌ವರ್ಡಿನ ಜೊತೆಗೆ ಎರಡನೆಯ ದೃಢೀಕರಣವನ್ನೂ ಕೊಡಬೇಕಾಗಿದೆ. ಈ ಬಿಲ್ ಬೇಕಾದ, 50,000 ರೂಪಾಯಿ ಮೀರಿದ ಸರಕಿನ ಲಾರಿ ಗೇಟಿನಲ್ಲಿ ನಿಂತಿರುವಾಗ, ಒಟಿಪಿ ಬರುವ ಸಂಖ್ಯೆ ಕೆಲಸ ಬಿಟ್ಟು ಹೋದ ಗುಮಾಸ್ತರದ್ದು ಎಂದು ಗೊತ್ತಾದರೆ ಎಷ್ಟು ವೇಗದ ಲೈನೂ ನೆರವಿಗೆ ಬಾರದು.

ಎರಡನೆಯ ಹೆಜ್ಜೆ: ಅಳೆಯಿರಿ

ವೇಗವನ್ನು ಎರಡು ಕಡೆ ಅಳೆಯಬೇಕು. ಮೊದಲು ಫೈಬರ್ ಪೆಟ್ಟಿಗೆಗೆ ಒಳ್ಳೆಯ ಕೇಬಲ್ಲಿನಿಂದ ನೇರವಾಗಿ ಲ್ಯಾಪ್‌ಟಾಪ್ ಜೋಡಿಸಿ, ಆಮೇಲೆ ನಿತ್ಯ ಕೆಲಸ ಮಾಡುವ ಮೇಜಿನಲ್ಲಿ. ಮೊಬೈಲಿನಲ್ಲಿ ವೈಫೈ ಮೂಲಕ ಅಳೆದ ಅಂಕಿ ನಿಮ್ಮ ವೈಫೈಯನ್ನು ಅಳೆಯುತ್ತದೆಯೇ ಹೊರತು ಲೈನನ್ನಲ್ಲ. ಬೆಳಿಗ್ಗೆ ವ್ಯಾಪಾರ ಶುರುವಾಗುವ ಮೊದಲು, ಮಧ್ಯಾಹ್ನ ಬಿಲ್ಲುಗಳ ಒತ್ತಡದಲ್ಲಿ, ರಾತ್ರಿ ಎಂಟರ ಸುಮಾರಿಗೆ, ಹೀಗೆ ಮೂರು ಹೊತ್ತು ಮೂರು ದಿನ ಅಳೆದು ಬರೆದಿಡಿ. ಪೆಟ್ಟಿಗೆಯಲ್ಲಿ ಪೂರ್ತಿ ವೇಗವಿದ್ದು ಮೇಜಿನಲ್ಲಿ ಇಲ್ಲವಾದರೆ ದೋಷ ಕಟ್ಟಡದ ಒಳಗಿದೆ. ಎರಡೂ ಕಡೆ ಕಡಿಮೆಯಿದ್ದರೆ ಆ ಕಾಗದವನ್ನೇ ಕಂಪನಿಯವರ ಮುಂದೆ ಇಟ್ಟು ಮಾತನಾಡಬಹುದು.

ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಪ್ಲಾನಿನಲ್ಲಿ ಹೇಳುವುದು ಮೆಗಾಬಿಟ್, ಫೈಲಿನ ಗಾತ್ರ ತೋರಿಸುವುದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ. ಇಳಿಯುವ ವೇಗವಷ್ಟೇ ನೋಡಿ ಸುಮ್ಮನಾಗಬೇಡಿ, ಏರುವ ವೇಗವನ್ನೂ ಬರೆದುಕೊಳ್ಳಿ. ಒಂದು ಗಿಗಾಬೈಟಿನ ಬ್ಯಾಕಪ್ಪನ್ನು ಕ್ಲೌಡಿಗೆ ಕಳಿಸಲು ಏರುವ ವೇಗ 20 ಎಂಬಿಪಿಎಸ್ ಇದ್ದರೆ ಸುಮಾರು ಏಳು ನಿಮಿಷ, 100 ಇದ್ದರೆ ಒಂದೂವರೆ ನಿಮಿಷದೊಳಗೆ. ಯಜಮಾನರು ಮನೆಯಿಂದ ಅಂಗಡಿಯ ಕ್ಯಾಮೆರಾ ನೋಡುವಾಗಲೂ ಖರ್ಚಾಗುವುದು ಅಂಗಡಿಯ ಏರುವ ವೇಗವೇ.

ಮೂರನೆಯ ಹೆಜ್ಜೆ: ಒಳಗಿನ ತಂತಿ ಮತ್ತು ಸ್ವಿಚ್

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು, ಎಲ್ಲರೂ ಹಾರಿಸಿ ಮುಂದೆ ಹೋಗುವ ಹಂತವೂ ಇದೇ. ಕಚೇರಿಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಒಂದು ಲೈನನ್ನು ಹಲವು ಕಂಪ್ಯೂಟರುಗಳಿಗೆ ಹಂಚುವ, ಎಂಟು ಕಿಂಡಿಯ ಹಳೆಯ ಸ್ವಿಚ್ಚು 100 ಎಂಬಿಪಿಎಸ್‌ನದ್ದಾಗಿದ್ದರೆ, ಹೊರಗೆ ಎಷ್ಟೇ ದೊಡ್ಡ ಲೈನ್ ಬಂದರೂ ಅದರ ಹಿಂದಿರುವ ಕಂಪ್ಯೂಟರುಗಳಿಗೆ ಸಿಗುವುದು ಅಷ್ಟೇ. ಅದನ್ನು ತೆಗೆದು ಗಿಗಾಬಿಟ್ ಸ್ವಿಚ್ ಹಾಕಿಸಿ.

ಕೇಬಲ್ ಕ್ಯಾಟ್ 5ಇ ಅಥವಾ ಕ್ಯಾಟ್ 6 ಆಗಿರಲಿ, ಎರಡೂ 100 ಮೀಟರ್‌ವರೆಗೆ ಗಿಗಾಬಿಟ್ ಹೊರುತ್ತವೆ. ಆದರೆ ಹೊರಗೆ ಕ್ಯಾಟ್ 6 ಎಂದು ಅಚ್ಚಾಗಿದ್ದು ಒಳಗೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ಲೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕೊಳ್ಳುವಾಗ ಒಂದು ಎಳೆಯ ಪ್ಲಾಸ್ಟಿಕ್ ಸುಲಿದು ಬ್ಲೇಡಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಆ ಸುರುಳಿಯನ್ನು ಹಿಂದಿರುಗಿಸಿ. ಪ್ಲಗ್ಗು ಒತ್ತುವವರಿಗೆ ಎಳೆಗಳ ಬಣ್ಣದ ಕ್ರಮವನ್ನು ಎರಡೂ ತುದಿಯಲ್ಲಿ ಒಂದೇ ರೀತಿ ಇಡಲು ಹೇಳಿ: ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಕೆಲಸ ಮುಗಿದ ಮೇಲೆ ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಸಂಪರ್ಕದ ವೇಗ 1 ಗಿಗಾಬಿಟ್ ಎಂದು ತೋರಿಸುತ್ತಿದೆಯೇ ಎಂದು ನೀವೇ ಕುಳಿತು ನೋಡಿ, ಆಮೇಲೆ ಕೂಲಿ ಕೊಡಿ.

ಗಿರಣಿಗಳಲ್ಲಿ ಕಚೇರಿಯಿಂದ ವೇಬ್ರಿಡ್ಜಿಗೆ, ಗೋದಾಮಿಗೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆದಿರುತ್ತಾರೆ. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ಮಳೆಯಲ್ಲಿ ಸುಟ್ಟುಹೋದ ಸ್ವಿಚ್ಚುಗಳಲ್ಲಿ ಬಹುಪಾಲು ಇಂಥ ಕೇಬಲ್ಲಿನ ತುದಿಯಲ್ಲಿದ್ದವನ್ನೇ ನಾನು ಕಂಡಿದ್ದೇನೆ. ಎರಡು ಕಟ್ಟಡಗಳ ನಡುವೆ ಲೋಹವಿಲ್ಲದ ಫೈಬರ್ ಎಳೆಸಿ, ಎರಡೂ ತುದಿಗೆ ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿದರೆ ಆ ದಾರಿಯಲ್ಲಿ ಸಿಡಿಲಿನ ವಿದ್ಯುತ್ತು ಒಳಬರುವುದಿಲ್ಲ. ಇಲಿಯ ಕಾಟವಿರುವ ಗೋದಾಮಿನಲ್ಲಿ ಯಾವ ಕೇಬಲ್ಲೇ ಆಗಲಿ ಕೊಳವೆಯೊಳಗೇ ಹೋಗಬೇಕು.

ಲೆಕ್ಕಪತ್ರದ ಡೇಟಾವನ್ನು ಒಂದೇ ಕಂಪ್ಯೂಟರಿನಲ್ಲಿಟ್ಟು ಮೂರು ನಾಲ್ಕು ಜನ ಬಳಸುವ ಕಡೆ ಆ ಯಂತ್ರಗಳೆಲ್ಲ ತಂತಿಯಲ್ಲೇ ಇರಲಿ. ಉಳಿಸುವ ನಡುವೆ ವೈಫೈ ಒಂದು ಕ್ಷಣ ಕಡಿದರೂ ಡೇಟಾ ಕೆಡುವ ಅಪಾಯವಿದೆ. ವೈಫೈ ಮೊಬೈಲಿಗೆ, ಬಂದುಹೋಗುವವರಿಗೆ ಸಾಕು. ಬಂದುಹೋಗುವವರಿಗೆ ಅತಿಥಿ ಜಾಲವನ್ನು ಬೇರೆ ಹೆಸರು, ಬೇರೆ ಪಾಸ್‌ವರ್ಡಿನಲ್ಲಿ ಕೊಡಿ. ವೈಫೈಯ ಎರಡು ತರಂಗಗಳಲ್ಲಿ 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ನಿಧಾನ. 5 ಗಿಗಾಹರ್ಟ್ಸ್ ವೇಗ, ಆದರೆ ದಪ್ಪ ಗೋಡೆ ದಾಟಲು ಕಷ್ಟಪಡುತ್ತದೆ.

ನಾಲ್ಕನೆಯ ಹೆಜ್ಜೆ: ಹೊಸ ಲೈನ್

ಒಳಗೆ ಎಲ್ಲವೂ ಸರಿಯಾದ ಮೇಲೆ ಮತ್ತೆ ಅಳೆದು ನೋಡಿ. ಹಳೆಯ ಲೈನೇ ಸಾಕು ಎಂದು ಕಂಡುಬಂದು ಇಲ್ಲಿಗೇ ನಿಲ್ಲಿಸಿದವರೂ ಇದ್ದಾರೆ. ಸಾಲದು ಎಂದಾದರೆ ಹೊಸ ಲೈನಿನವರನ್ನು ಕೆಲವು ಪ್ರಶ್ನೆ ಕೇಳಲೇಬೇಕು. ಏರುವ ವೇಗ ಎಷ್ಟು, ಫೈಬರ್ ಕಡಿದರೆ ಎಷ್ಟು ಗಂಟೆಯಲ್ಲಿ ಸರಿಪಡಿಸುವುದಾಗಿ ಬರೆದುಕೊಡುತ್ತೀರಿ, ಸ್ಥಿರ ಐಪಿ ವಿಳಾಸ (ಇಂಟರ್‌ನೆಟ್ಟಿನಲ್ಲಿ ನಿಮ್ಮ ಲೈನಿನ ಬದಲಾಗದ ವಿಳಾಸ) ಸಿಗುತ್ತದೆಯೇ, ಅದಕ್ಕೆ ಬೇರೆ ಹಣವೇ? ಸಾಮಾನ್ಯ ಬ್ರಾಡ್‌ಬ್ಯಾಂಡಿನಲ್ಲಿ ಹೇಳುವ ವೇಗ ಸುತ್ತಲಿನ ಗ್ರಾಹಕರೊಂದಿಗೆ ಹಂಚಿಕೊಂಡದ್ದು. ಲೀಸ್ಡ್ ಲೈನಿನ ವೇಗ ನಿಮಗೇ ಮೀಸಲು, ಅದರ ಬೆಲೆ ಎಷ್ಟೋ ಪಟ್ಟು ಹೆಚ್ಚು. ಐದಾರು ಕಂಪ್ಯೂಟರಿನ ಮಂಡಿಗೆ ಲೀಸ್ಡ್ ಲೈನ್ ಬೇಡವೆಂದೇ ನಾನು ಹೇಳುತ್ತೇನೆ. ಅದರ ಬದಲು ಎರಡು ಬೇರೆ ಕಂಪನಿಗಳ ಸಾಮಾನ್ಯ ಲೈನ್ ಹಾಕಿಸಿ, ಒಂದು ನಿಂತರೆ ಇನ್ನೊಂದಕ್ಕೆ ತಾನೇ ಬದಲಾಗುವ ರೂಟರ್ ಇಟ್ಟುಕೊಳ್ಳುವುದು ಮೇಲು. ಆದರೆ ಎರಡೂ ಫೈಬರ್‌ಗಳು ಒಂದೇ ಕಂಬದ ಮೇಲೆ ಬರುತ್ತಿದ್ದರೆ, ಆ ಕಂಬಕ್ಕೆ ಲಾರಿ ತಾಗಿದ ದಿನ ಎರಡೂ ಹೋಗುತ್ತವೆ. ಲೈನ್ ಎಳೆಯುವ ಹುಡುಗರ ಜೊತೆ ರಸ್ತೆಗಿಳಿದು, ಯಾವ ದಾರಿಯಲ್ಲಿ ಬರುತ್ತಿದೆ ಎಂದು ಕಣ್ಣಾರೆ ನೋಡಿ.

ಫೈಬರ್ ಪೆಟ್ಟಿಗೆ ಹಚ್ಚಿದ ದಿನವೇ ಅದರೊಳಗೆ ಬರುವ ಬೆಳಕಿನ ಶಕ್ತಿ ಎಷ್ಟಿದೆ ಎಂದು ಕೇಳಿ ಬರೆದುಕೊಳ್ಳಿ. ಅದು ಋಣ ಅಂಕಿಯಲ್ಲಿರುತ್ತದೆ. −20ರ ಆಸುಪಾಸು ನಿಶ್ಚಿಂತೆ. −27ರ ಹತ್ತಿರವಿದ್ದರೆ ಸಂಪರ್ಕ ಆಗಾಗ ಕಡಿಯುತ್ತದೆ, ಎಲ್ಲೋ ಫೈಬರ್ ತೀರ ಬಾಗಿದೆ ಅಥವಾ ಜೋಡಣೆ ಸರಿಯಾಗಿಲ್ಲ ಎಂದರ್ಥ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹೊತ್ತಿದರೆ ಬೆಳಕೇ ಬರುತ್ತಿಲ್ಲ. ಆಗ ರೂಟರನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿ ಪ್ರಯೋಜನವಿಲ್ಲ, ಕಂಪನಿಗೆ ದೂರು ಕೊಡಬೇಕು.

ಕಂಪನಿ ಬದಲಾದ ಮೇಲೆ ಮನೆಯಿಂದ ಕ್ಯಾಮೆರಾ ಕಾಣುತ್ತಿಲ್ಲ ಎಂಬ ದೂರು ಸಾಮಾನ್ಯ. ಹಲವು ಲೈನುಗಳಲ್ಲಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿರುತ್ತಾರೆ. ಹೊರಗಿನಿಂದ ನೇರವಾಗಿ ನಿಮ್ಮ ಡಿವಿಆರಿಗೆ ದಾರಿ ಇರುವುದಿಲ್ಲ. ರೂಟರಿನಲ್ಲಿ ಕಾಣುವ ವಿಳಾಸ 100.64ರಿಂದ 100.127ರ ನಡುವಿನ ಅಂಕಿಯಿಂದ ಆರಂಭವಾಗಿದ್ದರೆ ಇದೇ ಕಾರಣ. ಡಿವಿಆರ್ ಕಂಪನಿಯ ಕ್ಲೌಡ್ ಆ್ಯಪ್ ಅಥವಾ ವಿಪಿಎನ್ (ಇಂಟರ್‌ನೆಟ್ ಮೂಲಕ ಹಾಕಿಕೊಳ್ಳುವ ಖಾಸಗಿ ದಾರಿ) ಮೂಲಕ ನೋಡಬಹುದು. ಸ್ಥಿರ ಐಪಿ ಕೊಂಡು, ಡಿವಿಆರಿನ ಬಾಗಿಲನ್ನು ಇಡೀ ಜಗತ್ತಿಗೆ ತೆರೆದು, ಪಾಸ್‌ವರ್ಡನ್ನು ಪೆಟ್ಟಿಗೆಯಲ್ಲಿ ಬಂದದ್ದೇ ಉಳಿಸಿಕೊಂಡ ಕಡೆಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಹಳೆಯ ರೂಟರನ್ನು ತೆಗೆಯದೆ ಹೊಸದನ್ನೂ ಅದೇ ಸ್ವಿಚ್ಚಿಗೆ ಚುಚ್ಚಿದರೆ ಇಬ್ಬರು ಯಜಮಾನರು ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಕುಳಿತಂತಾಗುತ್ತದೆ. ಎರಡೂ ರೂಟರುಗಳು ಕಂಪ್ಯೂಟರುಗಳಿಗೆ ವಿಳಾಸ ಹಂಚತೊಡಗಿ, ಒಂದಕ್ಕೆ ಇಂಟರ್‌ನೆಟ್ ಬಂದರೆ ಇನ್ನೊಂದಕ್ಕೆ ಬರುವುದಿಲ್ಲ. ವಿಳಾಸ ಹಂಚುವ ಕೆಲಸ ಒಂದೇ ರೂಟರಿನದ್ದಾಗಿರಲಿ. ಹಳೆಯ ರೂಟರ್ 192.168.1 ಎಂಬ ಸಾಲಿನಲ್ಲಿ ಹಂಚುತ್ತಿದ್ದರೆ ಹೊಸದನ್ನೂ ಅದೇ ಸಾಲಿಗೆ ಹೊಂದಿಸಿ. ಆಗ ಸ್ಥಿರ ವಿಳಾಸ ಕೊಟ್ಟ ಪ್ರಿಂಟರು, ಹಾಜರಿ ಯಂತ್ರಗಳು ಇದ್ದಲ್ಲೇ ಕೆಲಸ ಮಾಡುತ್ತವೆ.

ಕರೆಂಟಿನ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇನೆ. ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್ಚನ್ನು ಗೋಡೆಯ ಸಾಕೆಟ್ಟಿಗೆ ಹಾಕಿದರೆ, ಕರೆಂಟ್ ಹೋದಾಗ ಕಂಪ್ಯೂಟರ್ ನಡೆಯುತ್ತಿರುತ್ತದೆ, ಇಂಟರ್‌ನೆಟ್ ಇರುವುದಿಲ್ಲ. ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವು 12 ವೋಲ್ಟಿನವು, ಅವಕ್ಕೆಂದೇ ಸಿಗುವ ಸಣ್ಣ ಯುಪಿಎಸ್ ಸಾಕು; ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಓದಿ ನೋಡಿ.

ಐದನೆಯ ಹೆಜ್ಜೆ: ದಿನ ಗೊತ್ತುಮಾಡುವುದು

ತಿಂಗಳಿಗೊಮ್ಮೆ ಜಿಎಸ್‌ಟಿ ವಿವರ ಸಲ್ಲಿಸುವವರಿಗೆ 11 ಮತ್ತು 20ನೆಯ ತಾರೀಖು ಕೊನೆಯ ದಿನಗಳು. ಆದ್ದರಿಂದ 20 ಕಳೆದ ಮೇಲಿನ ಶನಿವಾರ ಸಂಜೆ ಅಥವಾ ಭಾನುವಾರ ಬದಲಾವಣೆಗೆ ಒಳ್ಳೆಯದು. ಯಾರ್ಡಿನಲ್ಲಿ ಹುಣಸೆಹಣ್ಣು ಬಂದು ಬೀಳುವ ಬೇಸಗೆಯ ದಿನಗಳಲ್ಲಿ, ಮಾರ್ಚ್ ಕೊನೆಯ ಲೆಕ್ಕದ ವಾರದಲ್ಲಿ ಏನನ್ನೂ ಮುಟ್ಟಬೇಡಿ. ಅಮಾವಾಸ್ಯೆ, ರಾಹುಕಾಲ ನೋಡುವ ಯಜಮಾನರಿದ್ದರೆ ಆ ಹೊತ್ತು ಬಿಟ್ಟೇ ದಿನ ಇಟ್ಟುಕೊಳ್ಳಿ. ಒಪ್ಪಿ ಆರಂಭಿಸಿದ ಕೆಲಸದಲ್ಲಿ ಸಣ್ಣ ಅಡಚಣೆ ಬಂದರೆ ಅವರು ತಾಳುತ್ತಾರೆ.

ಆರನೆಯ ಹೆಜ್ಜೆ: ತಂತ್ರಾಂಶ

ಹೊಸ ಲೈನ್ ಒಂದೆರಡು ವಾರ ತಕರಾರಿಲ್ಲದೆ ನಡೆದ ಮೇಲೆ ಇದಕ್ಕೆ ಕೈಹಾಕಿ. ಮೊದಲ ಕೆಲಸ ಬ್ಯಾಕಪ್. ಡೇಟಾದ ಮೂರು ಪ್ರತಿ ಇರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಕಟ್ಟಡದ ಹೊರಗಿರಬೇಕು. ಬ್ಯಾಕಪ್ ತೆಗೆದರೆ ಸಾಲದು, ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ನಿನ್ನೆಯ ಕೊನೆಯ ಬಿಲ್ಲು ಕಾಣುತ್ತಿದೆಯೇ ಎಂದು ನೋಡಬೇಕು. ಎರಡು ವರ್ಷ ಪ್ರತಿ ಸಂಜೆ ಪೆನ್‌ಡ್ರೈವಿಗೆ ನಕಲು ಮಾಡುತ್ತಿದ್ದ ಒಬ್ಬ ಗುಮಾಸ್ತರು, ಬೇಕಾದ ದಿನ ತೆರೆದಾಗ ಅದರಲ್ಲಿದ್ದದ್ದು ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಮಾತ್ರ. ಅವರ ಮುಖ ನನಗೆ ಇಂದಿಗೂ ನೆನಪಿದೆ.

ಆಮೇಲೆ ಯಂತ್ರ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರುವ ಬೋರ್ಡು, ಕನಿಷ್ಠ 4 ಗಿಗಾಬೈಟ್ ರ್‍ಯಾಮ್, 64 ಗಿಗಾಬೈಟ್ ಜಾಗ ಬೇಕು. ನನ್ನ ಅನುಭವದಲ್ಲಿ 8 ಗಿಗಾಬೈಟಿಗಿಂತ ಕಡಿಮೆ ರ್‍ಯಾಮಿನಲ್ಲಿ ಕೆಲಸ ಮಾಡುವುದು ಹಿಂಸೆ. ಬೋರ್ಡು ಹೊಂದದ ಕಂಪ್ಯೂಟರಿಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುತ್ತೇನೆ ಎನ್ನುವವರನ್ನು ನಂಬಿ ಲೆಕ್ಕದ ಯಂತ್ರವನ್ನು ಕೊಡಬೇಡಿ.

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ್ದು, ಬೇರೆ ನೋಂದಾಯಿತ ವ್ಯಾಪಾರಿಗಳಿಗೆ ಮಾರುವವರಿಗೆ 2023ರ ಆಗಸ್ಟ್ 1ರಿಂದ, ಬಿಲ್ಲನ್ನು ಸರ್ಕಾರಿ ಪೋರ್ಟಲಿನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ನೋಂದಾಯಿತ ಕಂಪನಿಯಾಗಿದ್ದರೆ, ಯಾರು ಯಾವಾಗ ಯಾವ ನಮೂದನ್ನು ತಿದ್ದಿದರು ಎಂಬ ದಾಖಲೆ ಇಡುವ ಲೆಕ್ಕದ ತಂತ್ರಾಂಶ 2023ರ ಏಪ್ರಿಲ್ 1ರಿಂದ ಬೇಕೇ ಬೇಕು. ಹೊಸ ತಂತ್ರಾಂಶ ಮಾರಲು ಬಂದವರಿಗೆ ಇವೆರಡನ್ನೂ ನಿಮ್ಮದೇ ಹಳೆಯ ಬಿಲ್ಲು ಕೊಟ್ಟು ಮಾಡಿ ತೋರಿಸಲು ಹೇಳಿ.

ಕನ್ನಡದಲ್ಲಿ ರೈತರ ಹೆಸರು, ಊರು ಇಟ್ಟುಕೊಂಡಿರುವ ಮಂಡಿಗಳಿಗೆ ಇನ್ನೊಂದು ತೊಡಕಿದೆ. ಹಳೆಯ ಪಟ್ಟಿಗಳು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿರುತ್ತವೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುವುದು, ಹೊಸ ತಂತ್ರಾಂಶದೊಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿಬಿಡುತ್ತದೆ. ಯೂನಿಕೋಡಿಗೆ (ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಅಕ್ಷರ ವ್ಯವಸ್ಥೆಗೆ) ಬದಲಿಸಿಕೊಡುವ ಪರಿವರ್ತಕಗಳಿವೆ. ಪೂರ್ತಿ ಪಟ್ಟಿಯನ್ನು ಒಮ್ಮೆಲೇ ಹಾಕದೆ ಐವತ್ತು ಹೆಸರು ಬದಲಿಸಿ, ಅರ್ಕಾವೊತ್ತು ಇರುವ ಹೆಸರುಗಳನ್ನು ಮುಖ್ಯವಾಗಿ ಓದಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ಅದು ಮೊದಲು ಬರಬೇಕು. ಪರಿವರ್ತಕ ತಪ್ಪುವುದು ಹೆಚ್ಚಾಗಿ ಅಲ್ಲೇ. ಮಾರಾಟದ ಲೆಕ್ಕದ ಚೀಟಿಯನ್ನು (ಪಟ್ಟಿ) ಹೆಸರು ತಪ್ಪಾಗಿ ಕೊಟ್ಟರೆ ರೈತನಿಗೆ ಅದು ಅವನ ಪಟ್ಟಿಯೇ ಅಲ್ಲ. ಒಮ್ಮೆ ಬದಲಾದ ಮೇಲೆ ಅಕಾರಾದಿಯಾಗಿ ಜೋಡಿಸುವುದು, ಹೆಸರು ಹುಡುಕುವುದು ಎಷ್ಟು ಸಲೀಸು ಎಂಬುದು ಮೊದಲ ದಿನವೇ ತಿಳಿಯುತ್ತದೆ. ಡಾಟ್ ಮ್ಯಾಟ್ರಿಕ್ಸ್ ಮತ್ತು ಥರ್ಮಲ್ ಪ್ರಿಂಟರುಗಳಲ್ಲಿ ಕನ್ನಡ ಬರಬೇಕಾದರೆ ಸಾಮಾನ್ಯವಾಗಿ ಬಿಲ್ಲನ್ನು ಚಿತ್ರದಂತೆ ಅಚ್ಚು ಮಾಡಬೇಕಾಗುತ್ತದೆ, ಆಗ ವೇಗ ಇಳಿಯುತ್ತದೆ. ಕೊಳ್ಳುವ ಮೊದಲೇ ಒಂದು ಉದ್ದನೆಯ ಪಟ್ಟಿ ಅಚ್ಚು ಮಾಡಿಸಿ ನೋಡಿ.

ವೇಬ್ರಿಡ್ಜಿನ ತೂಕದ ಪೆಟ್ಟಿಗೆ ಹಳೆಯ ಸೀರಿಯಲ್ ಪೋರ್ಟಿನ ಮೂಲಕ ಮಾತನಾಡುವಂಥದ್ದಾಗಿದ್ದರೆ, ಹೊಸ ಕಂಪ್ಯೂಟರಿನಲ್ಲಿ ಆ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಯುಎಸ್‌ಬಿ ಪರಿವರ್ತಕ ಹಾಕಬಹುದು; ಆದರೆ ಅದನ್ನು ಬೇರೆ ಕಿಂಡಿಗೆ ಚುಚ್ಚಿದರೆ ಪೋರ್ಟಿನ ಸಂಖ್ಯೆ ಬದಲಾಗಿ ತೂಕ ಬರುವುದು ನಿಲ್ಲಬಹುದು. ಹಳೆಯ ತಂತ್ರಾಂಶದ ಸೆಟ್ಟಿಂಗಿನಲ್ಲಿರುವ ಪೋರ್ಟ್ ಸಂಖ್ಯೆ, ಬಾಡ್ ದರ (ಮಾಹಿತಿ ಕಳಿಸುವ ವೇಗ) ಇವುಗಳ ಫೋಟೋ ತೆಗೆದಿಟ್ಟುಕೊಳ್ಳಿ, ಪರಿವರ್ತಕ ಚುಚ್ಚಿದ ಕಿಂಡಿಗೆ ಬಣ್ಣದ ಟೇಪ್ ಅಂಟಿಸಿ.

ಹೊಸ ತಂತ್ರಾಂಶ ಶುರುವಾದ ಮೇಲೆ ಕನಿಷ್ಠ ಹದಿನೈದು ದಿನ ಹಳೆಯದರಲ್ಲೂ ಅದೇ ಬಿಲ್ಲುಗಳನ್ನು ನಮೂದಿಸಿ, ಪ್ರತಿ ಸಂಜೆ ಎರಡರ ಒಟ್ಟು ಮೊತ್ತ ತಾಳೆ ನೋಡಿ. ಗುಮಾಸ್ತರಿಗೆ ಇದು ಇಮ್ಮಡಿ ದುಡಿಮೆ; ಆ ಹದಿನೈದು ದಿನಕ್ಕೆ ಅವರಿಗೆ ಒಂದಿಷ್ಟು ಹೆಚ್ಚು ಕೊಡುವುದು ನ್ಯಾಯ. ತಂತ್ರಾಂಶ ಉಳಿಯುವುದೂ ಬೀಳುವುದೂ ಅವರ ಕೈಯಲ್ಲಿದೆ. ಕಲಿಸುವಾಗ ಅವರನ್ನೇ ಕೀಲಿಮಣೆಯ ಮುಂದೆ ಕೂರಿಸಿ, ಕಲಿಸುವವರು ಪಕ್ಕದಲ್ಲಿ ನಿಲ್ಲಲಿ.

ಏಳನೆಯ ಹೆಜ್ಜೆ: ಬೀಗ ಹಾಕುವುದು

ಕೆಲಸ ಮುಗಿದ ದಿನವೇ ರೂಟರ್, ಡಿವಿಆರ್, ವೈಫೈ ಪಾಸ್‌ವರ್ಡುಗಳನ್ನು ಬದಲಿಸಿ, ಬರೆದು, ಮುಚ್ಚಿದ ಲಕೋಟೆಯಲ್ಲಿ ಯಜಮಾನರ ಬೀರುವಿನಲ್ಲಿಡಿ. ನನ್ನಂಥ ಕೆಲಸದವರ ತಲೆಯಲ್ಲಿ ಮಾತ್ರ ಅವು ಇರಬಾರದು. ತಂತ್ರಾಂಶದವರು ದೂರದಿಂದ ಸರಿಪಡಿಸಲು ಹಾಕಿದ ರಿಮೋಟ್ ಆ್ಯಪ್ ಕೇಳಿದಾಗ ಮಾತ್ರ ತೆರೆಯುವಂತಿರಲಿ. ಬ್ಯಾಂಕಿನವರೆಂದೋ ಕಂಪನಿಯವರೆಂದೋ ಹೇಳಿ ಯಾರಾದರೂ ಅದನ್ನು ತೆರೆಸಿ ಹಣ ಎಳೆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಳೆಯ ಲೈನನ್ನು ಒಂದು ಪೂರ್ತಿ ಬಿಲ್ ತಿಂಗಳು ಉಳಿಸಿಕೊಂಡು, ಹೊಸದು ಒಂದು 20ನೆಯ ತಾರೀಖನ್ನು ದಾಟಿಸಿದ ಮೇಲೆ ರದ್ದು ಮಾಡಿ. ರದ್ದತಿಯ ಅರ್ಜಿಗೆ ಸಂಖ್ಯೆ, ಪೆಟ್ಟಿಗೆ ಹಿಂದಿರುಗಿಸಿದ್ದಕ್ಕೆ ರಸೀದಿ, ಠೇವಣಿ ಇದ್ದರೆ ಅದು ಮರಳಿದ ದಿನಾಂಕ ಇವಿಷ್ಟನ್ನೂ ಮೊದಲು ತೆರೆದ ನೋಟ್‌ಬುಕ್ಕಿನಲ್ಲೇ ಬರೆಯಿರಿ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅದರ ಹಾರ್ಡ್ ಡಿಸ್ಕ್ ಬಿಚ್ಚಿ, ಮೇಲೆ ವರ್ಷ ಬರೆದ ಚೀಟಿ ಅಂಟಿಸಿ, ಲೆಕ್ಕದ ಹಳೆಯ ಪುಸ್ತಕಗಳಿರುವ ಬೀರುವಿನಲ್ಲೇ ಇಡಿ.